ದೋಸೆ ಹಂಚಿನ ಮುಂದೆ ಕಲಿತ ಥಿಯರಿ

"ನಾನೇನು ಅಂಗನವಾಡಿ ಹುಡುಗನಾ ತಂಗಿ?" ಅಂತ ಕೇಳಿ ಅವರು ಪ್ಲಾಸ್ಟಿಕ್ ಕೋನುಗಳನ್ನು ಪಕ್ಕಕ್ಕೆ ತಳ್ಳಿದರು. ಮೂವತ್ತು ವರ್ಷ ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೊಯ್ದವರು. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಆ ಕೈ ಪಳಗಲಿ ಅಂತ ನಾನು ಎರಡು ವಾರದಿಂದ ಕೋನು ಎತ್ತಿಸುತ್ತಿದ್ದೆ. ತಪ್ಪು ನನ್ನದೇ.

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕಾಯಿಲೆಯಿಂದ ಕೈಕಾಲು ಸೋತವರು ದಿನದ ಕೆಲಸ ಮತ್ತೆ ಮಾಡುವಂತೆ ಪಳಗಿಸುವವಳು. ಓಟಿ ಅಂದರೆ ಆಪರೇಷನ್ ಥಿಯೇಟರ್ ಅಂದುಕೊಳ್ಳುವವರೇ ಜಾಸ್ತಿ, ಇರಲಿ. ಓದುವಾಗ ಈ ವಿದ್ಯೆಯ ಪಂಡಿತ ಗ್ಯಾರಿ ಕೀಲ್‌ಹಾಫ್ನರ್ ಅವರ 'ಮೋಹೋ' (ಮಾಡೆಲ್ ಆಫ್ ಹ್ಯೂಮನ್ ಆಕ್ಯುಪೇಷನ್) ಮಾದರಿಯನ್ನು ಉರು ಹೊಡೆದಿದ್ದೆ. 1980ರಲ್ಲಿ ಬಂದಿದ್ದು. ಮನಸ್ಸು ಯಾವುದರ ಮೇಲಿದೆ, ರೂಢಿ ಏನು, ಮೈ ಎಷ್ಟು ಒದಗುತ್ತದೆ, ಸುತ್ತಲಿನ ಜಾಗ ಹೇಗಿದೆ, ಎಲ್ಲ ಸೇರಿಸಿ ನೋಡು ಅನ್ನುತ್ತದೆ ಅದು. ನಾನು ನೋಡಿದ್ದು ಮೈಯನ್ನು ಮಾತ್ರ.

ಮರುದಿನ ಸಿಒಪಿಎಂ ಹಾಳೆ ತೆಗೆದೆ. ಇದು ಕೆನಡಾದವರು ಮಾಡಿದ ಅಳತೆ. ಯಾವ ಕೆಲಸ ಎಷ್ಟು ಮುಖ್ಯ, ಈಗ ಎಷ್ಟು ಮಾಡಬಲ್ಲೆ, ಅದು ಸಮಾಧಾನವಾ ಅಂತ ರೋಗಿಯೇ ಹತ್ತರೊಳಗೆ ಅಂಕ ಕೊಡಬೇಕು. "ಅಂಗಿ ತೊಡೋದು ಬರೀರಿ ಮೇಡಂ" ಅಂದರು ಅವರ ಹೆಂಡತಿ. ಇವರು ಮಾತ್ರ, "ದೋಸೆ. ಹತ್ತು. ಮಾಡೋಕೆ ಬರೋದು ಒಂದು."

ಅಂಗಿಯದು ಬೇಗ ಮುಗಿಯಿತು. ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಅಷ್ಟು ರೂಢಿಯಾದರೆ ಸಾಕು.

ದೋಸೆಗೆ ಸಮಯ ಹಿಡಿಯಿತು. ಸೌಟಿನ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದೆ. ತಣ್ಣಗಿನ ಹಂಚು, ನೀರು ಮಾಡಿದ ಹಿಟ್ಟು. ಮೊದಲ ದಿನ ಸೌಟು ನಡುವಿನಿಂದ ಹೊರಟು ಅರ್ಧ ಸುತ್ತಿಗೇ ನಿಂತಿತು. ಮೊಣಕೈ ಮೇಲೆದ್ದು ಹೆಗಲು ಕಿವಿಗೆ ತಾಗುತ್ತಿತ್ತು. ಹಂಚನ್ನು ಸ್ವಲ್ಪ ಕೆಳಗಿಟ್ಟೆ. ಹೆಗಲು ಇಳಿಯಿತು, ಸುತ್ತು ಪೂರ್ತಿಯಾಯಿತು. ಕೋನು ಹತ್ತು ಸಲ ಎತ್ತಲು ಬೇಸರಪಡುತ್ತಿದ್ದವರು ಅವತ್ತು ನಲವತ್ತು ಸಲ ಸೌಟು ತಿರುಗಿಸಿದರು. ಸಾಕು ಅಂದರೂ ಕೇಳಲಿಲ್ಲ.

ಆದರೆ ಬಲಗೈಗೆ ಬಿಸಿ ಗೊತ್ತಾಗುತ್ತಿರಲಿಲ್ಲ. ಕಟ್ಟಿಗೆ ಒಲೆಯ ಮುಂದೆ ಅದು ಅಪಾಯ ಅಲ್ವಾ? ಅಂಗಡಿಗೇ ಹೋಗಿ ನೋಡಿದೆ. ಒಲೆಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ, ಕಾಲಡಿ ಬೆಣ್ಣೆಯ ಜಿಡ್ಡು. ಬೀಳಲು ಇನ್ನೇನು ಬೇಕು! ನೆಲ ತೊಳೆಸಿ ಒರಟು ಚಾಪೆ ಹಾಕಿಸಿದೆವು. ಉರಿಯುವ ಹಂಚು ಮಗನಿಗೆ. ಇವರು ಒಲೆಯಿಂದ ದೂರದ ಮೇಜಿನಲ್ಲಿ ಬಲಗೈಯಲ್ಲಿ ತಟ್ಟೆ ಹಿಡಿದು ಎಡಗೈಯಲ್ಲಿ ಪಲ್ಯ, ಚಟ್ನಿ, ಬೆಣ್ಣೆ ಹಾಕಬೇಕು. ಒಪ್ಪಿದರು, ಮುಖ ಮಾತ್ರ ಗಂಟಿಕ್ಕಿಕೊಂಡೇ. ತಣ್ಣಗಿನ ಹಂಚು ಮನೆಯಲ್ಲಿ ಮುಂದುವರಿಯಿತು.

ಮೂರು ತಿಂಗಳಾದ ಮೇಲೆ ಮತ್ತೆ ಹಾಳೆ ಹಿಡಿದು ಕೂತೆ. ಎಂಟಾದರೂ ಕೊಡುತ್ತಾರೆ ಅಂದುಕೊಂಡಿದ್ದೆ.

"ಐದು ಹಾಕು ತಂಗಿ. ಇನ್ನೂ ದುಂಡಗೆ ಬರ್ತಿಲ್ಲ."