ಹನ್ನೆರಡು ತಂತಿಯ ಗಿಟಾರನ್ನು ಒಲಿಸಿಕೊಳ್ಳುವ ಬಗೆ

ಆರು ತಂತಿಯ ಗಿಟಾರನ್ನು ಕೆಲವು ಕಾಲ ನುಡಿಸಿದವರು ಹನ್ನೆರಡು ತಂತಿಯ ಅಕೂಸ್ಟಿಕ್ ಗಿಟಾರನ್ನು ಮೊದಲ ಬಾರಿ ಕೈಗೆತ್ತಿಕೊಂಡಾಗ, ಒಂದು ಜಿ ಕಾರ್ಡ್ ಮೀಟಿದ ಕೂಡಲೇ ಕೋಣೆ ತುಂಬುವ ನಾದಕ್ಕೆ ಮರುಳಾಗುತ್ತಾರೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೆರಳ ತುದಿಗಳು ಉರಿಯತೊಡಗುತ್ತವೆ, ಶ್ರುತಿ ಜಾರುತ್ತದೆ, ಎಫ್ ಕಾರ್ಡ್ ಹಿಡಿಯಲು ಹೋದರೆ ಅರ್ಧದಷ್ಟು ತಂತಿಗಳು ಮೂಕವಾಗುತ್ತವೆ. ಆಮೇಲೆ ವಾದ್ಯ ಚೀಲ ಸೇರುತ್ತದೆ, ಚೀಲ ಬೀರುವಿನ ಮೇಲೇರುತ್ತದೆ. ನನ್ನ ಗಿಟಾರೂ ಒಂದು ವರ್ಷ ಹಾಗೆಯೇ ಬೀರುವಿನ ಮೇಲಿತ್ತು. ಮತ್ತೆ ಇಳಿಸಿ ನುಡಿಸತೊಡಗಿದಾಗ ನನಗೆ ತಿಳಿದದ್ದು ಇಷ್ಟೇ: ಆರು ತಂತಿಗೆ ಒಗ್ಗಿದ ಬಲವನ್ನೇ ಇದರ ಮೇಲೂ ಹಾಕಿದರೆ ವಾದ್ಯ ಮುನಿಯುತ್ತದೆ, ಶ್ರುತಿ ಇಳಿಸಿ, ಕೈ ಹಗುರ ಮಾಡಿ, ಕಿವಿಗೆ ಹೆಚ್ಚು ಕೆಲಸ ಕೊಟ್ಟರೆ ಒಲಿಯುತ್ತದೆ. ಈ ಬರಹ ಆರು ತಂತಿಯಲ್ಲಿ ಸಾಮಾನ್ಯ ಕಾರ್ಡ್‌ಗಳನ್ನು ಬಲ್ಲವರಿಗಾಗಿ.

ಮೊದಲು ತಂತಿಗಳ ಜೋಡಣೆಯನ್ನು ಅರಿಯಬೇಕು. ಹನ್ನೆರಡು ತಂತಿಗಳು ಆರು ಜೋಡಿಗಳಾಗಿ ನಿಂತಿರುತ್ತವೆ. ಪ್ರತಿ ಜೋಡಿಯನ್ನೂ ಒಂದೇ ತಂತಿಯೆಂಬಂತೆ ಒತ್ತಬೇಕು, ಒಂದೇ ತಂತಿಯೆಂಬಂತೆ ಮೀಟಬೇಕು. ಮೊದಲನೆಯ ಇ ಮತ್ತು ಎರಡನೆಯ ಬಿ ಜೋಡಿಗಳಲ್ಲಿ ಎರಡೂ ತಂತಿಗಳದು ಒಂದೇ ಸ್ವರ. ಉಳಿದ ಜಿ, ಡಿ, ಎ ಮತ್ತು ಮಂದ್ರದ ಇ ಜೋಡಿಗಳಲ್ಲಿ ದಪ್ಪ ತಂತಿಯ ಪಕ್ಕದಲ್ಲಿ ಅದಕ್ಕಿಂತ ಒಂದು ಸ್ಥಾಯಿ ಮೇಲಿನ ತೆಳು ತಂತಿ ಇರುತ್ತದೆ. ಮಂದ್ರದ ಇ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಅದರ ಸಂಗಾತಿ ಸುಮಾರು 165 ಸಲ ಕಂಪಿಸುತ್ತದೆ. ಜಿ ಜೋಡಿಯಲ್ಲಿ ಈ ಸಂಖ್ಯೆಗಳು 196 ಮತ್ತು 392. ಈ 392 ಎಂಬ ಸಂಖ್ಯೆಯನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅಂಚಿನಲ್ಲಿರುವ ಮೊದಲನೆಯ ಇ ತಂತಿಯ ಕಂಪನವೇ ಸುಮಾರು 330. ಅಂದರೆ ಬರಿ ತಂತಿಗಳಲ್ಲಿ ಎಲ್ಲಕ್ಕಿಂತ ಎತ್ತರದ ಸ್ವರ ಅಂಚಿನಲ್ಲಿಲ್ಲ, ಮೂರನೆಯ ಜೋಡಿಯೊಳಗೆ ಅಡಗಿ ಕುಳಿತಿದೆ.

ಇದರ ಪರಿಣಾಮವನ್ನು ಡಿ ಕಾರ್ಡ್ ಹಿಡಿದು ನೋಡಬಹುದು. ಆರು ತಂತಿಯಲ್ಲಿ ಆ ಕಾರ್ಡಿನ ತುದಿಯ ಸ್ವರ ಮೊದಲ ತಂತಿಯ ಎರಡನೆಯ ಫ್ರೆಟ್‌ನಲ್ಲಿರುವ ಎಫ್ ಶಾರ್ಪ್, ಸುಮಾರು 370. ಹನ್ನೆರಡು ತಂತಿಯಲ್ಲಿ ಮೂರನೆಯ ಜೋಡಿಯ ತೆಳು ತಂತಿ ಅದೇ ಎರಡನೆಯ ಫ್ರೆಟ್‌ನಲ್ಲಿ 440ರ ಎ ಸ್ವರವನ್ನು ಕೊಡುತ್ತದೆ; ಕಿವಿ ಅದನ್ನೇ ಮೇಲಿನ ಸ್ವರವೆಂದು ಹಿಡಿಯುತ್ತದೆ. ನೀವು ಮೊದಲ ತಂತಿಯಲ್ಲಿ ರಾಗವೊಂದನ್ನು ನುಡಿಸುತ್ತಾ ಒಳಗಿನ ತಂತಿಗಳನ್ನು ಜೊತೆಗೆ ಮೀಟಿದರೆ ಆ ಅಡಗಿದ ತಂತಿ ರಾಗದ ನೆತ್ತಿಯ ಮೇಲೆ ಬಂದು ಕೂರುವುದುಂಟು. ಆರಂಭದಲ್ಲಿ ಇದು ಕಿರಿಕಿರಿ. ಪಳಗಿದ ಮೇಲೆ ಈ ವಾದ್ಯದ ಸೊಗಸಿನ ದೊಡ್ಡ ಪಾಲು ಇದರಿಂದಲೇ ಬರುತ್ತದೆ. ಮೂರನೆಯ ಜೋಡಿಯಲ್ಲಿಯೇ ಸಣ್ಣ ಸ್ವರಮಾಲೆಗಳನ್ನು ನುಡಿಸಿ ಅಭ್ಯಾಸ ಮಾಡುವುದು ಅದನ್ನು ಪಳಗಿಸುವ ಅತ್ಯುತ್ತಮ ದಾರಿ.

ಇನ್ನು ಎಳೆತದ ಮಾತು. ಆರು ತಂತಿಯ ಲೈಟ್ ಸೆಟ್ (ತೆಳು ತಂತಿಗಳ ಸೆಟ್) ಕುತ್ತಿಗೆಯ ಮೇಲೆ ಸುಮಾರು 70 ಕಿಲೋ ಭಾರದಷ್ಟು ಎಳೆತ ಹಾಕಿದರೆ, 0.010ರಿಂದ 0.047 ಇಂಚಿನವರೆಗಿನ ಹನ್ನೆರಡು ತಂತಿಯ ಲೈಟ್ ಸೆಟ್ ಸಾಮಾನ್ಯ ಶ್ರುತಿಯಲ್ಲಿ ಸುಮಾರು 110 ಕಿಲೋದಷ್ಟು ಎಳೆಯುತ್ತದೆ. ತಂತಿಯ ಎಳೆತ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ, ಎಲ್ಲ ತಂತಿಗಳನ್ನೂ ಎರಡು ಫ್ರೆಟ್‌ನಷ್ಟು ಕೆಳಗಿಳಿಸಿದರೆ ಕಂಪನ ನೂರಕ್ಕೆ 11ರಷ್ಟು ಮಾತ್ರ ಕಡಿಮೆಯಾಗಿ, ಎಳೆತ ನೂರಕ್ಕೆ 20ರಷ್ಟು ಇಳಿಯುತ್ತದೆ. ಆದ್ದರಿಂದ ಮಂದ್ರದಿಂದ ಡಿ, ಜಿ, ಸಿ, ಎಫ್, ಎ, ಡಿ ಎಂದು ಶ್ರುತಿ ಮಾಡಿಕೊಂಡು, ಮೂಲ ಶ್ರುತಿ ಬೇಕಾದಾಗ ಎರಡನೆಯ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿಕೊಳ್ಳುವುದನ್ನು ನಾನು ಎಲ್ಲ ಕಲಿಕೆಯವರಿಗೂ ಹೇಳುತ್ತೇನೆ. ಬೆರಳಿಗೂ ಹಿತ, ಒಡಲಿನ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್‌ಗೂ ಹಿತ. ಇದು ಕೈಲಾಗದವರ ಉಪಾಯವೆಂದು ಸಂಕೋಚ ಪಡಬೇಕಿಲ್ಲ. ಲೆಡ್ ಬೆಲ್ಲಿ ಎಂದು ಪ್ರಸಿದ್ಧರಾಗಿ 1949ರಲ್ಲಿ ತೀರಿಕೊಂಡ ಅಮೆರಿಕದ ಗಾಯಕ ಹಡ್ಡಿ ಲೆಡ್‌ಬೆಟರ್ ತಮ್ಮ ಸ್ಟೆಲ್ಲಾ ಬ್ರಾಂಡಿನ ಹನ್ನೆರಡು ತಂತಿಯ ಗಿಟಾರನ್ನು ಇದಕ್ಕಿಂತಲೂ ಬಹಳ ಕೆಳಗಿಳಿಸಿ ನುಡಿಸುತ್ತಿದ್ದರು. ಅವರ ಧ್ವನಿಮುದ್ರಿಕೆಗಳಲ್ಲಿ ಕೇಳುವ ಆ ಘನವಾದ ಮಂದ್ರಕ್ಕೆ ಅದೂ ಒಂದು ಕಾರಣ. ನಂತರದ ಪೀಳಿಗೆಯ ಗಿಟಾರ್ ವಾದಕ ಲಿಯೋ ಕಾಟ್ಕಿ ಅವರೂ ಶ್ರುತಿ ಇಳಿಸಿಯೇ ನುಡಿಸುವವರು.

ಶ್ರುತಿ ಮಾಡುವ ಕೆಲಸವನ್ನು ನುಡಿಸುವುದಕ್ಕೆ ಮೊದಲಿನ ಕಾಟವೆಂದು ಭಾವಿಸಿದವರು ಈ ವಾದ್ಯದಲ್ಲಿ ಬಹಳ ದಿನ ಉಳಿಯುವುದಿಲ್ಲ. ತಂಬೂರಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಡುವಿನ ಎರಡು ಷಡ್ಜದ ತಂತಿಗಳು ಒಂದಕ್ಕೊಂದು ಕೂಡಿಕೊಳ್ಳುವ ಆ ಘಳಿಗೆಗಾಗಿ ಅವರು ಎಷ್ಟು ಹೊತ್ತು ಬೇಕಾದರೂ ಕಾಯುತ್ತಾರೆ. ಗಿಟಾರಿನಲ್ಲಿ ಕ್ರಮ ಹೀಗಿರಲಿ. ಮೊದಲು ನಾಲ್ಕು ದಪ್ಪ ತಂತಿಗಳನ್ನೂ, ಬಿ ಮತ್ತು ಇ ಜೋಡಿಗಳಲ್ಲಿ ಒಂದೊಂದು ತಂತಿಯನ್ನೂ ಟ್ಯೂನರ್ ನೋಡಿ ಆರು ತಂತಿಯ ಗಿಟಾರಿನಂತೆಯೇ ಶ್ರುತಿ ಮಾಡಿ. ಆಗ ಸಂಗಾತಿ ತಂತಿಯನ್ನು ಬೆರಳಿನಿಂದ ಮುಟ್ಟಿ ಮೌನವಾಗಿಡಬೇಕು, ಇಲ್ಲದಿದ್ದರೆ ಟ್ಯೂನರಿನ ಮುಳ್ಳು ಎರಡರ ನಡುವೆ ತಡಕಾಡುತ್ತದೆ. ಆಮೇಲೆ ಟ್ಯೂನರನ್ನು ಪಕ್ಕಕ್ಕಿಟ್ಟು ಸಂಗಾತಿಗಳನ್ನು ಕಿವಿಯಿಂದಲೇ ಕೂಡಿಸಿ. ಸ್ಥಾಯಿ ಜೋಡಿಗಳಲ್ಲಿ ಸಂದೇಹ ಬಂದರೆ, ದಪ್ಪ ತಂತಿಯನ್ನು ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿದಾಗ ಬರುವ ಸ್ವರವೂ ತೆಳು ತಂತಿಯ ಬರಿ ಸ್ವರವೂ ಒಂದೇ ಆಗಿರಬೇಕೆಂಬುದನ್ನು ನೆನಪಿಡಿ.

ಎರಡು ತಂತಿಗಳು ಒಂದಕ್ಕೊಂದು ಹತ್ತಿರವಾಗಿದ್ದೂ ಕೂಡದಿದ್ದಾಗ ನಾದ ಅಲೆಯಲೆಯಾಗಿ ಏರಿಳಿಯುತ್ತದೆ. ಒಂದು 330 ಮತ್ತೊಂದು 332 ಆಗಿದ್ದರೆ ಆ ಅಲೆ ಸೆಕೆಂಡಿಗೆ ಎರಡು ಸಲ ಬರುತ್ತದೆ. ಬಿರಡೆಯನ್ನು ತಿರುಗಿಸುತ್ತಾ ಹೋದಂತೆ ಅಲೆ ನಿಧಾನವಾಗಿ, ಕೊನೆಗೆ ನಿಂತುಬಿಡುತ್ತದೆ. ತಂತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿಯೇ ಸ್ವರಕ್ಕೆ ತನ್ನಿ. ಮೀರಿ ಹೋದರೆ ಚೆನ್ನಾಗಿ ಸಡಿಲಿಸಿ ಮತ್ತೆ ಏರಿಸಿ, ಆಗ ಶ್ರುತಿ ಜಾರುವುದಿಲ್ಲ. ಬಿರಡೆ ತಿರುಗಿಸುವಾಗ ತಂತಿ ಟಕ್ ಟಕ್ ಎಂದು ಜಿಗಿಯುತ್ತಿದ್ದರೆ ಅದು ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯಾದ ನಟ್‌ನ ಸೀಳಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಸೀಳಿಗೆ ಪೆನ್ಸಿಲಿನ ಸೀಸವನ್ನು ಉಜ್ಜಿದರೆ ಸಾಕು. ಎಲ್ಲ ಹನ್ನೆರಡೂ ಮುಗಿದ ಮೇಲೆ ಮೊದಲಿನಿಂದ ಇನ್ನೊಂದು ಸುತ್ತು ಬರಬೇಕು, ಏಕೆಂದರೆ ನಂತರದ ತಂತಿಗಳ ಎಳೆತಕ್ಕೆ ಕುತ್ತಿಗೆ ಸ್ವಲ್ಪ ಬಾಗಿ ಮೊದಲಿನವು ಇಳಿದಿರುತ್ತವೆ. ಆರಂಭದಲ್ಲಿ ಇದಕ್ಕೆ ನನಗೆ ಕಾಲು ಗಂಟೆ ಹಿಡಿಯುತ್ತಿತ್ತು; ಈಗ ಮೂರು ನಿಮಿಷ ಸಾಕು.

ಕೊಳ್ಳುವವರು ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್‌ನ ಮೇಲೆ ಅಳೆದರೆ ಮೊದಲ ಜೋಡಿಯ ಕೆಳಗೆ ಸುಮಾರು 2 ಮಿ.ಮೀ., ಆರನೆಯದರ ಕೆಳಗೆ ಸುಮಾರು 2.5 ಮಿ.ಮೀ. ಇದ್ದರೆ ಒಳ್ಳೆಯದು, 3 ಮಿ.ಮೀ. ದಾಟಿದರೆ ವಾದ್ಯ ರಿಪೇರಿ ಮಾಡುವವರ ಬಳಿ ಸರಿಪಡಿಸಿಕೊಳ್ಳದೆ ಅಭ್ಯಾಸಕ್ಕೆ ಕೂರಬಾರದು. ಹಳೆಯ ಗಿಟಾರಾದರೆ ಬ್ರಿಜ್‌ನ ಹಿಂದಿನ ಅಂಚಿಗೆ ಕಾಗದದ ಚೂರೊಂದನ್ನು ತೂರಿಸಿ ನೋಡಿ: ಅದು ಒಳಗೆ ಹೋದರೆ ಬ್ರಿಜ್ ಮೇಲೇಳುತ್ತಿದೆ ಎಂದೇ ತಿಳಿಯಿರಿ. ನಟ್ ಬಳಿ ಕುತ್ತಿಗೆಯ ಅಗಲ ಸುಮಾರು 48 ಮಿ.ಮೀ. ಇರುತ್ತದೆ, ಆರು ತಂತಿಯಲ್ಲಿ ಅದು 43–44. ಕೈ ಚಿಕ್ಕದಿರುವವರು ಇದನ್ನು ಹಿಡಿದು ನೋಡಿಯೇ ಕೊಳ್ಳಬೇಕು. ಕೊಳ್ಳುವ ಮೊದಲು ನಾದವನ್ನಷ್ಟೇ ಸವಿಯಬೇಕೆನ್ನುವವರಿಗೆ ಅಗ್ಗದ ದಾರಿಯೊಂದಿದೆ: ಹನ್ನೆರಡು ತಂತಿಯ ಸೆಟ್ ತಂದು, ಅದರ ತೆಳು ಸಂಗಾತಿಗಳನ್ನು ಮಾತ್ರ ಆರು ತಂತಿಯ ಗಿಟಾರಿಗೆ ಕಟ್ಟುವುದು. ನ್ಯಾಶ್‌ವಿಲ್ ಟ್ಯೂನಿಂಗ್ ಎಂದು ಇದಕ್ಕೆ ಹೆಸರು. ಗೆಳೆಯರೊಬ್ಬರು ಸಾಮಾನ್ಯ ಗಿಟಾರಿನಲ್ಲಿ ಅದೇ ಕಾರ್ಡ್‌ಗಳನ್ನು ಜೊತೆಯಲ್ಲಿ ನುಡಿಸಿದರೆ ಎರಡೂ ಸೇರಿ ಹನ್ನೆರಡು ತಂತಿಯಾಗುತ್ತದೆ.

ಎಡಗೈಗೆ ಬಂದರೆ, ಬೆರಳ ತುದಿಗಿಂತ ತುಸು ಕೆಳಗಿನ ಮೆತ್ತನೆಯ ಭಾಗ ಜೋಡಿಯ ಎರಡು ತಂತಿಗಳ ಮೇಲೂ ಸಮನಾಗಿ ಬೀಳಬೇಕು, ಮತ್ತು ಬೆರಳು ಫ್ರೆಟ್‌ನ ಹಿಂಬದಿಗೆ ಅಂಟಿಕೊಂಡಂತೆ ಇರಬೇಕು. ಹೊಸಬರು ಸಾಮಾನ್ಯವಾಗಿ ದಪ್ಪ ತಂತಿಯನ್ನು ಒತ್ತಿ ತೆಳುವಾದದ್ದನ್ನು ಬಿಟ್ಟುಬಿಡುತ್ತಾರೆ. ಕಾರ್ಡ್ ಹಿಡಿದು ಹನ್ನೆರಡು ತಂತಿಗಳನ್ನೂ ಒಂದೊಂದಾಗಿ ಮೀಟಿ ನೋಡಿದರೆ ಯಾವುದು ಮೂಕವಾಗಿದೆ ಎಂಬುದು ತಾನೇ ತಿಳಿಯುತ್ತದೆ. ಮೊದಲ ಎರಡು ತಿಂಗಳು ಒಂದೇ ಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯುವ ಬಾರ್ ಕಾರ್ಡ್‌ಗಳ ಗೋಜಿಗೇ ಹೋಗಬೇಡಿ. ಜಿ, ಸಿ, ಡಿ, ಇ ಮೈನರ್, ಎ ಮೈನರ್ ಇವಿಷ್ಟರ ಜೊತೆ ಕ್ಯಾಪೊ ಇದ್ದರೆ ಬಹುಪಾಲು ಹಾಡುಗಳು ನಡೆಯುತ್ತವೆ. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವ ಬೆಂಡಿಂಗ್ ಇಲ್ಲಿ ಕೆಲಸಕ್ಕೆ ಬಾರದು, ಜೋಡಿಯ ಎರಡು ತಂತಿಗಳು ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಮಣಿಕಟ್ಟಿನಲ್ಲಿ ನೋವು ಕಂಡರೆ ಅಂದಿಗೆ ನಿಲ್ಲಿಸಬೇಕು; ಇಪ್ಪತ್ತು ನಿಮಿಷದ ಎರಡು ಅಭ್ಯಾಸಗಳು ಒಂದು ಗಂಟೆಯ ಹಟಕ್ಕಿಂತ ಮೇಲು.

ಬಲಗೈಯೇ ನಿಜವಾದ ಕಲಿಕೆ ನಡೆಯುವ ಜಾಗ. ಬಹುತೇಕ ಗಿಟಾರುಗಳಲ್ಲಿ ಸ್ಥಾಯಿ ಜೋಡಿಯ ತೆಳು ತಂತಿ ನುಡಿಸುವವರ ಗಲ್ಲದ ಕಡೆಗಿರುತ್ತದೆ, ಆದ್ದರಿಂದ ಕೆಳಮುಖದ ಮೀಟು ಮೊದಲು ತೆಳು ತಂತಿಯನ್ನೂ ಮೇಲ್ಮುಖದ ಮೀಟು ಮೊದಲು ದಪ್ಪ ತಂತಿಯನ್ನೂ ಮುಟ್ಟುತ್ತದೆ. ರಿಕನ್‌ಬ್ಯಾಕರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಒಂದೇ ಜೋಡಿಯನ್ನು ಕೆಳಕ್ಕೊಮ್ಮೆ ಮೇಲಕ್ಕೊಮ್ಮೆ ನಿಧಾನವಾಗಿ ಮೀಟಿ ಎರಡರ ಬಣ್ಣ ಹೇಗೆ ಬೇರೆ ಎಂಬುದನ್ನು ಕೇಳಿಸಿಕೊಳ್ಳಿ; ಮುಂದೆ ಹೊಳಪು ಬೇಕಾದಲ್ಲಿ ಒಂದನ್ನು, ಗಾಂಭೀರ್ಯ ಬೇಕಾದಲ್ಲಿ ಇನ್ನೊಂದನ್ನು ಆರಿಸಿಕೊಳ್ಳಬಹುದು. ಹೆಬ್ಬೆರಳಿನಿಂದ ಮಂದ್ರವನ್ನು ಮೀಟುವಾಗ ಬೆರಳು ಎರಡೂ ತಂತಿಗಳನ್ನು ದಾಟಿ ಹೋಗದಿದ್ದರೆ ತೆಳು ತಂತಿಯಷ್ಟೇ ಕೇಳಿ, ಬುಡವೇ ಇಲ್ಲದ ನಾದ ಬರುತ್ತದೆ. ಪಿಕ್ ತೆಳುವಾಗಿರಲಿ, 0.6ರಿಂದ 0.7 ಮಿ.ಮೀ. ಸಾಕು. ಆರು ತಂತಿಯಲ್ಲಿ ಒಂದು ಆವರ್ತಕ್ಕೆ ಎಂಟು ಮೀಟುವ ಕಡೆ ಇಲ್ಲಿ ಮೂರೋ ನಾಲ್ಕೋ ಮೀಟಿ ನಾದ ಹರಡಿಕೊಳ್ಳಲು ಬಿಡಬೇಕು. ಎಂಟನ್ನೂ ಮೀಟಿದರೆ ಕೇಳುಗರಿಗೆ ಉಳಿಯುವುದು ಗದ್ದಲ.

ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚದೆ ಒಂದೊಂದು ಜೋಡಿಯಾಗಿ ಬದಲಿಸಿ, ಯಾವ ಬಿರಡೆ ಯಾವ ತಂತಿಗೆ ಎಂಬ ಗೊಂದಲವೂ ತಪ್ಪುತ್ತದೆ. ಮೊದಲು ಹರಿಯುವುದು ಬಹುಮಟ್ಟಿಗೆ 0.008 ಇಂಚಿನ ಆ ಜಿ ಸಂಗಾತಿಯೇ. ಮೊದಲ ತಿಂಗಳಲ್ಲಿ ನಾನು ಮೂರನ್ನು ಹರಿದುಕೊಂಡೆ. ಬಿಡಿ ತಂತಿಗಳು ಚೀಲದಲ್ಲಿ ಸದಾ ಇರಲಿ. ಮರಕ್ಕೆ ಗಾಳಿಯ ತೇವಾಂಶ ನೂರಕ್ಕೆ 45ರಿಂದ 55ರವರೆಗೆ ಇದ್ದರೆ ಹಿತ. ಕರಾವಳಿಯ ಮಳೆಗಾಲದಲ್ಲಿ ಮರ ಉಬ್ಬಿ ತಂತಿಗಳು ಮೇಲೇಳುತ್ತವೆ, ತುಕ್ಕೂ ಹಿಡಿಯುತ್ತದೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಗೆ ಇದರ ತದ್ವಿರುದ್ಧ, ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಇಟ್ಟರೆ ಮರ ಸೀಳುವುದು ತಪ್ಪುತ್ತದೆ.

ಕೈ ಕೂತ ಮೇಲೆ ಏನು ನುಡಿಸಬೇಕು ಎಂದು ಕೇಳಿದರೆ, ಹಾಡುವವರ ಜೊತೆ ನುಡಿಸಿ ಎಂಬುದೇ ನನ್ನ ಸಲಹೆ. ನಿಧಾನಗತಿಯ ಭಾವಗೀತೆಗೆ ಈ ವಾದ್ಯ ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಒಂದು ಮೀಟಿನ ನಾದ ಇಡೀ ಸಾಲಿನ ಕೆಳಗೆ ಶ್ರುತಿಯಂತೆ ಹಾಸಿಕೊಂಡಿರುತ್ತದೆ. ಗಾಯಕರು ಕಪ್ಪು ಎರಡರ (ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ) ಶ್ರುತಿ ಹೇಳಿದರೆ ಅದು ಡಿ ಶಾರ್ಪ್. ಎರಡು ಫ್ರೆಟ್ ಇಳಿಸಿದ ನಿಮ್ಮ ಗಿಟಾರಿನಲ್ಲಿ ಮೂರನೆಯ ಫ್ರೆಟ್‌ಗೆ ಕ್ಯಾಪೊ ಹಾಕಿ ಡಿ ಕಾರ್ಡಿನ ಆಕಾರ ಹಿಡಿದರೆ ಸರಿಯಾಗಿ ಕೂಡುತ್ತದೆ. ಕ್ಯಾಪೊ ಹಾಕಿದೊಡನೆ ಸ್ಥಾಯಿ ಜೋಡಿಗಳು ತುಸು ಏರುವುದರಿಂದ ಮತ್ತೊಮ್ಮೆ ಕಿವಿಗೊಟ್ಟು ಸರಿಪಡಿಸಿ. ವೇದಿಕೆಯ ಫ್ಯಾನು, ದೀಪಗಳ ಕೆಳಗೆ ಶ್ರುತಿ ಬೇಗ ಬದಲಾಗುತ್ತದೆ. ಅರ್ಧ ಗಂಟೆ ಮೊದಲೇ ವಾದ್ಯವನ್ನು ಅಲ್ಲಿಟ್ಟು, ಗಾಯಕರು ಬಂದು ಕುಳಿತ ಮೇಲೆ ಕಡೆಯದಾಗಿ ಆ ಮೂರನೆಯ ಜೋಡಿಯ ತೆಳು ತಂತಿಯನ್ನೊಮ್ಮೆ ಮೀಟಿ ನೋಡಿಕೊಳ್ಳಿ.