ಹೃದಯದ ತೊಂದರೆಯಿರುವ ನಾಯಿಗೆ ಅರಿವಳಿಕೆ: ಸಿದ್ಧತೆ ಹೇಗೆ?

ಪೂರ್ಣ ಅರಿವಳಿಕೆ ಎಂದರೆ ಹೃದಯ ಗಕ್ಕನೆ ನಿಂತುಬಿಡುತ್ತದೆಂದು ಅಂಜುವವರೇ ಹೆಚ್ಚು. ಆದರೆ ಹೆಚ್ಚಾಗಿ ಕಾಡುವುದು ರಕ್ತದೊತ್ತಡದ ಕುಸಿತ. ಅರಿವಳಿಕೆಗೆ ಬಳಸುವ ಐಸೋಫ್ಲೂರೇನ್, ಸೀವೋಫ್ಲೂರೇನ್ ಅನಿಲಗಳು ರಕ್ತನಾಳಗಳನ್ನು ಸಡಿಲಿಸುತ್ತವೆ, ಹೃದಯ ಹಿಂಡುವ ಬಲವನ್ನೂ ತಗ್ಗಿಸುತ್ತವೆ. ಸರಾಸರಿ ಒತ್ತಡ 60 ಎಂಎಂ ಪಾದರಸಕ್ಕಿಂತ ಕೆಳಗಿಳಿದರೆ ಮೂತ್ರಪಿಂಡಕ್ಕೆ ರಕ್ತ ಸಾಲದು.

ಹಂತ 1: ರಕ್ತಪರೀಕ್ಷೆ, ಇಸಿಜಿ, ಎದೆಯ ಎಕ್ಸ್‌ರೇ; ಮರ್ಮರ (ಹೃದಯ ಬಡಿತದ ನಡುವೆ ಕೇಳುವ ಅಸಹಜ ಸದ್ದು) ಕೇಳಿಸಿದ್ದರೆ ಎಕೋ (ಹೃದಯದ ಅಲ್ಟ್ರಾಸೌಂಡ್). ಡಾಬರ್‌ಮನ್‌ಗೆ ಮರ್ಮರ ಇಲ್ಲದಿದ್ದರೂ ಎಕೋ ಮಾಡಿಸಿ, ಆ ತಳಿಯ ಹೃದಯಸ್ನಾಯು ಸದ್ದಿಲ್ಲದೆ ಸೋಲುವುದುಂಟು.

ಹಂತ 2: ಉಸಿರು ಎಣಿಸುವುದು. ಜನ ಎಡವುವುದು ಇಲ್ಲೇ. ಒಂದು ವಾರ ಮೊದಲಿನಿಂದ ದಿನವೂ ಎಣಿಸಿ. ನಾಯಿ ನಿದ್ದೆಯಲ್ಲಿರಬೇಕು, ಕೋಣೆ ತಂಪಾಗಿರಬೇಕು. ಪಕ್ಕೆ ಉಬ್ಬಿ ಇಳಿದರೆ ಒಂದು ಲೆಕ್ಕ. ಉಬ್ಬಿದ್ದಕ್ಕೊಂದು, ಇಳಿದದ್ದಕ್ಕೊಂದು ಎಣಿಸಿ ಇಮ್ಮಡಿ ಅಂಕಿ ಕಂಡು ಗಾಬರಿಯಾಗುವವರಿದ್ದಾರೆ. ಕಾಲು ಅದುರಿಸುತ್ತ, ಕುಂಯ್‌ಗುಡುತ್ತ ಕನಸು ಕಾಣುವಾಗ ಉಸಿರು ಏರುಪೇರಾಗುತ್ತದೆ, ಆಗ ಬಿಟ್ಟುಬಿಡಿ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. 10 ಸೆಕೆಂಡು ಎಣಿಸಿ ಆರರಿಂದ ಗುಣಿಸುವ ಅಡ್ಡದಾರಿ ಬೇಡ, ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ಆರು ತಪ್ಪುತ್ತದೆ. ನಿಮಿಷಕ್ಕೆ 30ರೊಳಗಿದ್ದರೆ ಸರಿ. ಮತ್ತೆ ಮತ್ತೆ ಎಣಿಸಿದರೂ ಮೇಲೆಯೇ ಇದ್ದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು; ವೈದ್ಯರಿಗೆ ತಿಳಿಸಿ, ಹಲ್ಲು ಶುಚಿಯಂಥ ಅವಸರವಿಲ್ಲದ ಕೆಲಸ ಮುಂದೂಡಿ. ಅಂದಹಾಗೆ, ಮನುಷ್ಯರ ಬೆರಳಿನ ಆಕ್ಸಿಮೀಟರನ್ನು ನಾಯಿಯ ಕಿವಿಗೆ ಸಿಕ್ಕಿಸುವುದು ದುಡ್ಡು ದಂಡ. ರೋಮ, ಕಪ್ಪು ಚರ್ಮದ ಮೇಲೆ ಅದರ ಅಂಕಿಯನ್ನು ನಂಬಲಾಗದು.

ಹಂತ 3: ಮಾತ್ರೆ. "ಖಾಲಿ ಹೊಟ್ಟೆ" ಎಂದದ್ದಕ್ಕೆ ಮಾತ್ರೆಗಳನ್ನೆಲ್ಲ ನಿಲ್ಲಿಸಿಬಿಡುವುದು ದೊಡ್ಡ ತಪ್ಪು. ಹೃದಯ ಹಿಂಡುವ ಬಲ ಹೆಚ್ಚಿಸುವ ಪಿಮೋಬೆಂಡಾನ್ ಸಾಮಾನ್ಯವಾಗಿ ಆ ಬೆಳಿಗ್ಗೆಯೂ ಬೇಕು. ರಕ್ತನಾಳ ಸಡಿಲಿಸುವ ಎನಾಲಾಪ್ರಿಲ್, ಬೆನಜೆಪ್ರಿಲ್ ಮಾತ್ರ ಅರಿವಳಿಕೆ ಅನಿಲದ ಜೊತೆ ಸೇರಿ ಒತ್ತಡವನ್ನು ಇನ್ನಷ್ಟು ಇಳಿಸುತ್ತವೆಂದು ಅವನ್ನು ಅಂದು ತಪ್ಪಿಸುವ ವೈದ್ಯರು ಬಹಳ. ಹೆಸರು, ಮಿಲಿಗ್ರಾಂ, ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದು ಒಂದೊಂದಾಗಿ ಕೇಳಿಕೊಳ್ಳಿ. ಬೆಳೆದ ನಾಯಿಗೆ ಊಟ 6 ಗಂಟೆ ಮೊದಲು ನಿಲ್ಲಲಿ, ನೀರು ಇರಲಿ. ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸುವ ಮಾತ್ರೆ) ತೆಗೆದುಕೊಳ್ಳುವ ನಾಯಿಗೆ ರಾತ್ರಿಯಿಡೀ ನೀರು ತಪ್ಪಿಸಿದರೆ ಮೈಯ ದ್ರವ ಕಡಿಮೆಯಾಗಿ ಒತ್ತಡ ಮತ್ತೂ ಕುಸಿಯುತ್ತದೆ.

ಹಂತ 4: ವೈದ್ಯರನ್ನು ಕೇಳಿ. ಒತ್ತಡವನ್ನು 5 ನಿಮಿಷಕ್ಕೊಮ್ಮೆ ನೋಡಲೆಂದೇ ಒಬ್ಬರಿರುತ್ತಾರೆಯೇ? ಡ್ರಿಪ್ ಎಷ್ಟು? ಆರೋಗ್ಯವಂತ ನಾಯಿಗೆ ಗಂಟೆಗೆ ಕಿಲೋಗೆ 5 ಮಿಲಿ ಆದರೆ, ಕವಾಟ ಸೋರುವ ನಾಯಿಗೆ 2–3 ಮಿಲಿ ಸಾಕು. ಮಂಪರು ಬರಿಸುವ ಕ್ಸೈಲಜಿನ್ ಮದ್ದು ಅಂಥ ನಾಯಿಗೆ ಬೇಡವೇ ಬೇಡ. ರಕ್ತನಾಳ ಬಿಗಿದು, ಬಡಿತ ಇಳಿದು, ಸೋರಿಕೆ ಹೆಚ್ಚುತ್ತದೆ.

ಹಂತ 5: ಎಚ್ಚರವಾದ ಮೇಲೆ. ಎದ್ದು ನಿಂತಿತೆಂದು ಕೂಡಲೇ ಮನೆಗೆ ಕರೆದೊಯ್ಯಬೇಡಿ. ಮೊದಲ 3 ಗಂಟೆ ಅಪಾಯದ ಹೊತ್ತು. ಮೈ ಬೆಚ್ಚಗಿರಲಿ, ನಡುಕ ಹೃದಯದ ಕೆಲಸ ಹೆಚ್ಚಿಸುತ್ತದೆ. ಆದರೆ ಬಿಸಿನೀರಿನ ಚೀಲ ಚರ್ಮಕ್ಕೆ ತಾಗಿದರೆ ಅರೆಪ್ರಜ್ಞೆಯ ನಾಯಿ ಸುಟ್ಟರೂ ಸರಿಯುವುದಿಲ್ಲ. ವಸಡು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಅಂದು ರಾತ್ರಿ ನಿದ್ದೆಯ ಉಸಿರು ಮತ್ತೆ ಎಣಿಸಿ. ಹಿಂದಿನ ವಾರದ ಅಂಕಿಯನ್ನು ಮೀರಿ 30 ದಾಟಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.