ಕಬ್ಬಿನ ಸಾಲಿನ ತಲೆಕಡೆ ಹಳದಿ, ಕೊನೆಕಡೆ ಕಡು ಹಸಿರು: ಸರಿಯಾದದ್ದು ಹೀಗೆ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ಕಡೆಯ ಎರೆ (ಕಪ್ಪು ಜೇಡಿಮಣ್ಣಿನ) ಹೊಲ, ಸಾಲು 120 ಮೀಟರ್ ಉದ್ದ. ಯೂರಿಯಾ ಚೆಲ್ಲಿ ಬೆನ್ನಿಗೇ ನೀರು ಹಾಯಿಸುವುದು ಇಲ್ಲಿನ ರೂಢಿ. ತೊಂದರೆಯ ಮೂಲ ಅದೇ. ಆಗಷ್ಟೇ ಕರಗಿದ ಯೂರಿಯಾವನ್ನು ಮಣ್ಣು ಹಿಡಿದಿಡುವುದಿಲ್ಲ, ನೀರಿನ ಜೊತೆ ಸಾಲಿನ ಕೊನೆಗೆ ಹೋಗುತ್ತದೆ. ನೀರು ಒಳಬರುವ ತಲೆಕಡೆ ಅದು ಹೆಚ್ಚು ಹೊತ್ತು ಇಂಗುವುದರಿಂದ ಅಲ್ಲಿದ್ದ ನೈಟ್ರೇಟೂ (ನೀರಿನ ಜೊತೆ ಜಾರುವ ಸಾರಜನಕದ ರೂಪ) ಬೇರಿನ ಕೆಳಗೆ ಇಳಿಯುತ್ತದೆ. ಹಾಗಂತ ಚೆಲ್ಲಿ ಸುಮ್ಮನೆ ಬಿಟ್ಟರೆ ಕ್ಷಾರದ ಎರೆಮಣ್ಣಿನಲ್ಲಿ ಸಾರಜನಕ ಅಮೋನಿಯಾ ಆಗಿ ಗಾಳಿಪಾಲು.

ನಡುವೆ ಅಡ್ಡಗಾಲುವೆ ತೆಗೆದು ಸಾಲನ್ನು 60 ಮೀಟರಿಗೆ ಇಳಿಸಿದೆ. ಹಸಿ ಇರುವಾಗಲೇ ಬೋದಿನ (ಸಾಲುಗಳ ನಡುವಿನ ಮಣ್ಣಿನ ಏರಿಯ) ಮಗ್ಗುಲಿಗೆ 2-3 ಇಂಚು ಆಳದ ಗೆರೆ ಎಳೆದು, ಯೂರಿಯಾ ಹಾಕಿ, ಮಣ್ಣು ಮುಚ್ಚಿದ್ದು. ಮೂರ್ನಾಲ್ಕು ದಿನ ಬಿಟ್ಟು ತೆಳುವಾಗಿ ನೀರು. ಅಷ್ಟರಲ್ಲಿ ಯೂರಿಯಾದ ಬಹುಪಾಲು ಅಮೋನಿಯಂ ಆಗಿ ಜೇಡಿಗೆ ಅಂಟಿರುತ್ತದೆ. ವಾರಗಟ್ಟಲೆ ಕಾದರೆ ಅದು ನೈಟ್ರೇಟ್ ಆಗಿ ಮತ್ತೆ ಜಾರುತ್ತದೆ, ಆದ್ದರಿಂದ ಇಡೀ ಗೊಬ್ಬರ ಒಮ್ಮೆಲೇ ಬೇಡ, ಕಂತಿನಲ್ಲಿ ಕೊಡಿ.

ನೀರು ಸಾಲಿನ ಮುಕ್ಕಾಲು ಮುಟ್ಟಿದಾಗ ಮಡೆ (ಸಾಲಿಗೆ ನೀರು ಬಿಡುವ ಬಾಯಿ) ಕಟ್ಟಿ, ಉಳಿದದ್ದು ತಾನೇ ಹರಿದು ಕೊನೆ ಸೇರುತ್ತದೆ. ಇಳಿಜಾರು ಹೆಚ್ಚಿದ್ದರೆ ಇನ್ನೂ ಮೊದಲೇ ಕಟ್ಟಬೇಕು.

ನೀರು ಎಷ್ಟು ಆಳ ಇಳಿದಿದೆ ಎಂದು ಮರುದಿನ ಬೆರಳು ದಪ್ಪದ ಸಲಾಕೆ ಚುಚ್ಚಿ ನೋಡಿ: ಹಸಿ ಇರುವಷ್ಟು ಸಲೀಸಾಗಿ ಇಳಿಯುತ್ತದೆ, ಒಣಮಣ್ಣಿಗೆ ತಾಗಿದರೆ ನಿಲ್ಲುತ್ತದೆ. ಬಿರುಕಿನಲ್ಲಿ ಚುಚ್ಚಿದರೆ ಮೋಸ. ಎರೆ ಬಾಯಿಬಿಟ್ಟಿದ್ದರೆ ನೀರಿಗೆ ಮುಂಚೆ ಎಡೆಕುಂಟೆ (ಸಾಲಿನ ನಡುವೆ ಮಣ್ಣು ಸಡಿಲಿಸುವ ಕುಂಟೆ) ಹೊಡೆದು ಬಿರುಕು ಮುಚ್ಚಲೇಬೇಕು, ಇಲ್ಲದಿದ್ದರೆ ನೀರು, ಗೊಬ್ಬರ ಎರಡೂ ನೇರ ಪಾತಾಳಕ್ಕೆ.